ಒಂದಾಣೆ ಟ್ಯಾಂಕು

ಪುಣೆಯ ಜೂನಾ ಬಝಾರು, ಭಾನುವಾರ, ಹನ್ನೊಂದರ ಬಿಸಿಲು.
ಮಿಕ್ಸರಿನ ತಲೆಗಳ ಗುಡ್ಡೆ, ಎಡಗಾಲಿನ ಬೂಟುಗಳು,
ಚರ್ಮ ಹರಿದ ಡಗ್ಗಾ; ಇವುಗಳ ನಡುವೆ
ತಾಂಬೋಳಿ ಮುದುಕ ಅದನ್ನು ಚಾದರದ ಮೇಲೆ ಅಂಗಾತ ಮಲಗಿಸಿದ್ದ.
ಡಬ್ಬಿಯ ಉದ್ದ ನನ್ನ ಮೊಳಕ್ಕಿಂತ ನಾಲ್ಕು ಬೆರಳು ಹೆಚ್ಚು.
ಮುಚ್ಚಳದಲ್ಲಿ ಧೂಳೆಬ್ಬಿಸಿಕೊಂಡು ಬರುವ ಟ್ಯಾಂಕು,
ಜಪಾನಿ ಅಕ್ಷರ, ಮೂಲೆಯಲ್ಲಿ ಸಣ್ಣಗೆ:
ಹದಿನಾರರಲ್ಲಿ ಒಂದು.

ಅಂದರೆ ರೂಪಾಯಿಗೆ ಒಂದಾಣೆ.
ನಮ್ಮಪ್ಪ ಮಗ್ಗಿ ಹೇಳಿಕೊಟ್ಟದ್ದು ಆಣೆಯಲ್ಲೇ,
ಆಣೆ ಸತ್ತು ಎಂಟು ವರ್ಷವಾದ ಮೇಲೂ.
ಪೈಸೆಯ ಮೇಲೆ ಅವನಿಗೆ ನಂಬಿಕೆ ಬರಲೇ ಇಲ್ಲ.

“ಆರೂವರೆ ಸಾವಿರ.”
ನಾನು ನಕ್ಕೆ. ತಾಂಬೋಳಿ ನಗಲಿಲ್ಲ.

ಕುಕ್ಕರಗಾಲಿನಲ್ಲಿ ಕೂತು ಮೊದಲು ರಬ್ಬರಿನ ಪಟ್ಟಾ ಮುಟ್ಟಿದೆ.
ಹಪ್ಪಳ. ಮಡಿಸಿದರೆ ಮುರಿದೀತು; ಮಡಿಸಲಿಲ್ಲ.
ಮೋಟರಿನ ಬಾಯಿಗೆ ಹಸಿರು ಕಿಲುಬು,
ಯಾವ ಕಾಲದಲ್ಲೋ ಸೆಲ್ಲು ಕಾರಿಕೊಂಡದ್ದು.
ನಂಬರಿನ ಸ್ಟಿಕ್ಕರು ಅರಿಸಿನ ಬಣ್ಣ, ನೀರು ಕಂಡರೆ ಚೂರುಚೂರು.
ಭಾಗಗಳ ಚೌಕಟ್ಟು ಎಣಿಸಿದೆ: ಎ, ಬಿ, ಸಿ,
ಮತ್ತೆ ಇನ್ನೊಂದು ಸಿ.
ಡಿ ಇಲ್ಲ.
“ಡಿ ಎಲ್ಲಿ ಚಾಚಾ?”
ತಾಂಬೋಳಿ ಹದ್ದು ಹುಡುಕುವವನಂತೆ ಆಕಾಶ ನೋಡಿದ.

ಹಲ್ಲು ಕಟ್ಟುವವನು ನಾನು. ರಾಸ್ತಾ ಪೇಠೆಯ ಲ್ಯಾಬಿನಲ್ಲಿ
ಮೂವತ್ತೆಂಟು ವರ್ಷ ಕಾಣದವರ ಬಾಯಿಗೆ ದವಡೆ ಕೂರಿಸಿದ್ದೇನೆ.
ಇಲ್ಲದ್ದನ್ನು ಮೇಣದಲ್ಲಿ ಮಾಡಿ, ಅರೆದು, ಹೊಳಪು ಕೊಡಬಲ್ಲೆ.
ಆದರೆ ಇಲ್ಲದ್ದು ಏನು ಅಂತಾದರೂ ಗೊತ್ತಿರಬೇಕಲ್ಲ?
ಹಲ್ಲಾದರೆ ಪಕ್ಕದ ಹಲ್ಲು ಹೇಳುತ್ತದೆ.

ಇದೇ ಡಬ್ಬಿ, ಅಥವಾ ಇದರ ಅಣ್ಣ,
ಎಪ್ಪತ್ತೊಂಬತ್ತರಲ್ಲಿ ಕ್ಯಾಂಪಿನ ಅಂಗಡಿಯ ಗಾಜಿನೊಳಗಿತ್ತು.
ಬೆಲೆ ಮುನ್ನೂರ ಎಂಬತ್ತು. ನನ್ನ ಪಗಾರ ಇನ್ನೂರ ಹತ್ತು.
ಊಟ ಬಿಟ್ಟು ಕೊಳ್ಳಬಹುದಿತ್ತು, ಕೊಳ್ಳಲಿಲ್ಲ;
ಅದಕ್ಕೇನೂ ಅತ್ತದ್ದು ನೆನಪಿಲ್ಲ.

ಮೇಲಿನ ಮಾಳಿಗೆಯ ಖೈರೆ ಸುಭೇದಾರರು
ನಿಜವಾದದ್ದನ್ನು ಓಡಿಸಿದವರು, ಹನ್ನೆರಡು ವರ್ಷ.
ಕಳೆದ ವಾರ ಸುಮ್ಮನೆ ಕೇಳಿದ್ದೆ.
“ಒಳಗೆ ಭಟ್ಟಿ. ಡೀಸೆಲ್ಲು, ಬೆವರು, ಒಬ್ಬನ ವಾಂತಿ.
ಅದನ್ನೂ ಹದಿನಾರು ಪಾಲು ಮಾಡಿ
ಒಂದು ಪಾಲು ಡಬ್ಬಿಯಲ್ಲಿ ಇಟ್ಟಿದ್ದಾರೇನು, ನೋಡಿ ತನ್ನಿ.”
ಮೂಸಿದೆ. ಹಳೇ ಪ್ಲಾಸ್ಟಿಕ್ಕು, ಜಿರಲೆ,
ತುಸು ಕರ್ಪೂರ.

ಎಲ್ಲಿಡುವುದು? ಫ್ರಿಜ್ಜಿನ ಮೇಲೆ ನಂದಿನಿಯ ಕುಂಡ.
ಕಪಾಟಿನ ಮೇಲೆ ಪಂಚಾಂಗ, ಹೊಲಿಗೆ ಮಷೀನು.
ಈ ಕೈ ಈಗ ಬಶಿಯಲ್ಲಿ ಕಪ್ಪು ಕುಣಿಸುತ್ತದೆ.
ಏಳಬೇಕೆಂದು ಮೊಣಕಾಲಿಗೆ ಕೈ ಊರಿದೆ.

ಆಗ ತಳದಿಂದ ಸೂಚನೆಯ ಹಾಳೆ ಜಾರಿತು.
ಒಂದರಿಂದ ಏಳರವರೆಗೆ ಪೆನ್ಸಿಲ್ಲಿನ ಗುರುತು,
ಗುಂಡುಗುಂಡು, ಶಾಲೆಯ ಹುಡುಗನದೋ, ರಿಟೈರಾದವನದೋ.
ಏಳರ ಪಕ್ಕದಲ್ಲಿ ಮರಾಠಿಯಲ್ಲಿ:
ಡಿಂಕ ಸಂಪಲಾ.
ಅಂಟು ಮುಗಿಯಿತು.
ಎಂಟಕ್ಕೆ ಗುರುತಿಲ್ಲ, ಎಪ್ಪತ್ತೆರಡರವರೆಗೂ ಇಲ್ಲ.
ಒಂದೇ ಒಂದು ಚಕ್ರ ಜೋಡಿಸಿಟ್ಟಿದ್ದಾನೆ.
ಅದರ ಅಂಚಿಗೆ, ಒಣಗಿದ ಅಂಟಿನಲ್ಲಿ, ಹೆಬ್ಬೆಟ್ಟು;
ಸಾಲುಸಾಲು ಗೆರೆ ಸಮೇತ, ಪೂರಾ ಅಳತೆಯದು.

“ಕೋಥರೂಡಿನ ಬಂಗಲೆ,” ಎಂದ ತಾಂಬೋಳಿ, ಕೇಳದೆಯೇ.
“ಹಿತ್ತಾಳೆ ಹಂಡೆಗಳ ಜೊತೆ ಬಂತು. ಹಂಡೆ ಅಂದೇ ಹೋದವು.”

ನಾಲ್ಕು ಸಾವಿರ ಅಂದೆ. ಅವನು ಚಾದರ ಮಡಚುವಂತೆ ಮಾಡಿದ.
ನಾಲ್ಕೂಮುಕ್ಕಾಲಿಗೆ ನಿಂತಿತು.
ಯಾರಿಗೆ ಟೋಪಿ ಬಿತ್ತೋ, ಇಬ್ಬರ ಮುಖವೂ ಒಂದೇ ಥರ.

ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಲೆಕ್ಕ ಹಾಕಿದೆ:
ಹನ್ನೊಂದಾಣೆ ಇದೆ, ಐದಾಣೆ ಇಲ್ಲ.
ಹದಿನಾರಾಣೆ ಬಾಯಿ ನನ್ನ ಲ್ಯಾಬಿಗೆ ಯಾವತ್ತು ಬಂದಿತ್ತು?
ಇದನ್ನು ನಂದಿನಿಗೆ ಹೇಳಿ ದಕ್ಕಿಸಿಕೊಳ್ಳಲಾಗದು.

ದಾಪೋಡಿಗೆ ಮೊದಲೇ, ಖಡಕಿಯಲ್ಲಿ ಇಳಿದೆ.
ಅಂಗಡಿಯ ಹುಡುಗ ಟ್ಯೂಬು ಕೊಡುತ್ತ ಕೇಳಿದ,
“ಚಪ್ಪಲಿಗಾ?”
ಹೂಂ ಎಂದೆ.
“ಎರಡು ಕೊಡು.”